ಹಳೇ ಎಂಜಿಬಿ: ರಿಪೇರಿ ಮಾಡಿಸೋದಾ, ಮಾರಿಬಿಡೋದಾ? (ಪದೇ ಪದೇ ಕೇಳುವ ಪ್ರಶ್ನೆಗಳು)

ನನ್ನ ಹತ್ತಿರ ಇರುವುದು 1972ರ ಎಂಜಿಬಿ ರೋಡ್‌ಸ್ಟರ್, ಅಂದರೆ ಗಟ್ಟಿ ಚಾವಣಿ ಇಲ್ಲದ, ಇಬ್ಬರು ಕೂರುವ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿನ ಮಳೆಯಲ್ಲಿ ಹದಿನೈದು ವರ್ಷದಿಂದ ಅದನ್ನು ಸಾಕಿಕೊಂಡು ಬಂದಿದ್ದೇನೆ. ಎರಡು ಸಲ ಮಾರಲು ಹೊರಟು ಎರಡು ಸಲವೂ ಉಳಿಸಿಕೊಂಡೆ. ಈಗ ಇಲ್ಲಿರುವ ಕನ್ನಡದ ಗೆಳೆಯರು, ಅವರ ಗೆಳೆಯರು, ಹಳೇ ಕಾರಿನ ಮುಂದೆ ನಿಂತು ದಿಕ್ಕು ತೋಚದಾದಾಗ ನನಗೆ ಫೋನ್ ಮಾಡುತ್ತಾರೆ. ಎಲ್ಲರ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಉತ್ತರಗಳನ್ನು ಒಂದು ಕಡೆ ಬರೆದಿಡುತ್ತಿದ್ದೇನೆ. ಕಣ್ಣ ಮುಂದೆ ಇಟ್ಟುಕೊಂಡದ್ದು ಎಂಜಿಬಿಯನ್ನೇ. ಆದರೂ ಅದೇ ಕಾಲದ ಬೇರೆ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಇದ್ದವರಿಗೂ ಬಹುಪಾಲು ಹೊಂದುತ್ತದೆ.

ಎಂಜಿನ್ ಹೊಗೆ ಹಾಕುತ್ತಿದೆ, ಆಯಿಲ್ ಸೋರುತ್ತಿದೆ. ಮಾರಿಬಿಡೋದೇ ಒಳ್ಳೇದಾ?

ಎಂಜಿನ್ನಿನ ಕಾರಣಕ್ಕೆ ಎಂಜಿಬಿ ಮಾರಬೇಡಿ. ಫೋನ್ ಮಾಡುವವರಲ್ಲಿ ಹೆಚ್ಚಿನವರು ಹೆದರುವುದು ಎಂಜಿನ್ನಿಗೆ, ಹೆದರಬೇಕಾದ್ದು ಬೇರೆ ಕಡೆ.

ಈ ಕಾರಿನಲ್ಲಿರುವುದು 1798 ಸಿಸಿಯ ಬಿ-ಸೀರೀಸ್ ಎಂಜಿನ್. ಇದರ ಅಣ್ಣನಂಥದ್ದು, 1489 ಸಿಸಿಯದ್ದು, ನಮ್ಮ ಅಂಬಾಸಿಡರ್‌ನಲ್ಲಿ ದಶಕಗಟ್ಟಲೆ ಓಡಿತು. ಹಾಸನದಲ್ಲಿ ನಮ್ಮ ತಂದೆಯ ಅಂಬಾಸಿಡರ್ ಇತ್ತು. ಅದರ ಟ್ಯಾಪೆಟ್ ಸದ್ದು ಕೇಳಿಕೊಂಡೇ ಬೆಳೆದವನು ನಾನು. ಮೊದಲ ಸಲ ಎಂಜಿಬಿಯ ಬಾನೆಟ್ ಎತ್ತಿ ಸ್ಟಾರ್ಟ್ ಮಾಡಿಸಿದಾಗ ಆ ಸದ್ದು ಕೇಳಿ ಸುಮ್ಮನೆ ನಿಂತುಬಿಟ್ಟೆ, ಅಷ್ಟು ಪರಿಚಯದ್ದು. ಗಟ್ಟಿ ಕಬ್ಬಿಣದ ಬ್ಲಾಕು, ಸರಳ ಪುಷ್‌ರಾಡ್ ವ್ಯವಸ್ಥೆ, ಸುತ್ತ ಕೈ ಹಾಕಲು ಬೇಕಾದಷ್ಟು ಜಾಗ. ಬೋರ್ ಮಾಡಿಸಬಹುದು, ಕ್ರ್ಯಾಂಕ್ ಗ್ರೈಂಡ್ ಮಾಡಿಸಬಹುದು, ಒಂದೊಂದು ಬೇರಿಂಗೂ ಹೊಸದು ಸಿಗುತ್ತದೆ.

ಗಾಬರಿಯಾಗುವ ಮುಂಚೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಯಿಲ್ ಪ್ರೆಷರ್ ಮುಳ್ಳು ನೋಡಿ. ಓಡುವಾಗ 50ರ ಮೇಲೆ ನಿಂತು, ಐಡಲಿಂಗ್‌ನಲ್ಲಿ 15ರಿಂದ 25ರ ಆಸುಪಾಸಿನಲ್ಲಿದ್ದರೆ ಕೆಳಗಿನ ಭಾಗ ಚೆನ್ನಾಗಿಯೇ ಇದೆ ಅಂತ ಅರ್ಥ. ಇಳಿಜಾರಿನಲ್ಲಿ ಕಾಲು ತೆಗೆದು ಇಳಿದು, ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ನೀಲಿ ಹೊಗೆ ಬಂದರೆ ಅದು ಸಾಮಾನ್ಯವಾಗಿ ವಾಲ್ವ್ ಕಡೆಯ ತೊಂದರೆ, ಹೆಡ್ ಇಳಿಸಿದರೆ ಮುಗಿಯುತ್ತದೆ. ನೆಲದ ಮೇಲೆ ನಾಲ್ಕು ಹನಿ ಆಯಿಲ್ ಬೀಳುವುದು ಈ ಎಂಜಿನ್ನಿನ ಹುಟ್ಟುಗುಣ. ಅದಕ್ಕೊಂದು ತಟ್ಟೆ ಇಡಿ.

ಕ್ಲಚ್ ಒಂದು ಮಾತ್ರ ದುಬಾರಿ ಎನಿಸಬಹುದು. ಅದನ್ನು ಬದಲಿಸಲು ಎಂಜಿನ್ನನ್ನೇ ಹೊರಗೆತ್ತಬೇಕು, ಹಾಗಾಗಿ ಸಾಮಾನಿಗಿಂತ ಕೂಲಿಯೇ ಹೆಚ್ಚು. ಎಂಜಿನ್ ಹೇಗೂ ಹೊರಗೆ ಬಂದಾಗ ಹಿಂದಿನ ಆಯಿಲ್ ಸೀಲ್, ಮೌಂಟಿಂಗ್, ರಬ್ಬರ್ ಹೋಸ್ ಎಲ್ಲವನ್ನೂ ಒಟ್ಟಿಗೇ ಮುಗಿಸಿಬಿಡಿ.

ಹಾಗಾದರೆ ಮೊದಲು ನೋಡಬೇಕಾದ್ದು ಏನು?

ತುಕ್ಕು. ಎಂಜಿಬಿಗೆ ಬೇರೆಯಾಗಿ ಷಾಸಿ ಇಲ್ಲ, ಮೈಯೇ ಅದರ ಬೆನ್ನೆಲುಬು. ರೋಡ್‌ಸ್ಟರ್‌ಗೆ ಮೇಲೆ ಚಾವಣಿಯೂ ಇಲ್ಲದ ಕಾರಣ ಇಡೀ ಕಾರು ಮಡಿಚಿಕೊಳ್ಳದೆ ನಿಂತಿರುವುದು ಮುಖ್ಯವಾಗಿ ಸಿಲ್‌ಗಳ ಬಲದ ಮೇಲೆ, ಅಂದರೆ ಬಾಗಿಲ ಕೆಳಗಿನ ಹೊಸ್ತಿಲುಗಳ ಮೇಲೆ. ಅವು ಒಂದೇ ಪದರದ ತಗಡಲ್ಲ. ಹೊರಗೊಂದು, ಒಳಗೊಂದು, ನಡುವೆ ಇನ್ನೊಂದು ಸೇರಿ ಪೆಟ್ಟಿಗೆಯ ಹಾಗೆ ಮಾಡಿದ್ದಾರೆ. ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪು ನೀರಿನ ಜೊತೆ ಆ ಪೆಟ್ಟಿಗೆಯೊಳಗೆ ಸೇರಿ, ಒಳಗಿನಿಂದ ಹೊರಕ್ಕೆ ತಿನ್ನುತ್ತಾ ಬರುತ್ತದೆ. ಹೊರಗೆ ಬಣ್ಣ ಉಬ್ಬಿದ್ದು ಕಾಣುವ ಹೊತ್ತಿಗೆ ಒಳಗಿನ ಕೆಲಸ ಮುಗಿದಿರುತ್ತದೆ.

ನೀವೇ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಬಾಗಿಲು ಹಾಕಿ, ಬಾಗಿಲಿನ ಹಿಂದಿನ ಅಂಚಿಗೂ ಮೈಗೂ ನಡುವಿನ ಸಂದನ್ನು ಮೇಲೆ ಕೆಳಗೆ ನೋಡಿಕೊಳ್ಳಿ. ಆಮೇಲೆ ಆ ಬದಿಯ ಜಾಕ್ ಜಾಗದಲ್ಲಿ ನಿಧಾನವಾಗಿ ಎತ್ತಿ. ಕಾರಿನ ಕೆಳಗೆ ಮಾತ್ರ ತಲೆ ಹಾಕಬೇಡಿ. ಸಂದು ಇದ್ದ ಹಾಗೇ ಇದ್ದರೆ ಸಮಾಧಾನ. ಸಂದು ಬದಲಾದರೆ, ಬಾಗಿಲು ಬಿಗಿಯಾಗಿ ಕಚ್ಚಿಕೊಂಡರೆ ಮೈ ಬಾಗುತ್ತಿದೆ ಅಂತ ಅರ್ಥ. ಜಾಕ್ ಮೇಲೇರಿದರೂ ಕಾರು ಏಳದೆ, ಒಳಗಿಂದ ಕರಕರ ಎಂದು ಹಪ್ಪಳ ಮುರಿದ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ನನ್ನ ಕಾರಿನ ಎಡಗಡೆ ಆ ಸದ್ದು ಬಂದಿತ್ತು. ಕೆಳಗಿಳಿಸಿ ನೋಡಿದರೆ ನೆಲದ ಮೇಲೆ ಒಂದು ಹಿಡಿ ಕಂದು ಚಕ್ಕೆ.

ಇನ್ನು ಉಳಿದ ಜಾಗಗಳು. ಮುಂದಿನ ಮಡ್‌ಗಾರ್ಡಿನ ಹಿಂಬದಿಯ ಕೆಳಮೂಲೆ, ಅದರ ಮೇಲಂಚಿನ ಜೋಡಣೆ, ಹಿಂದಿನ ಪಟ್ಟಿ ಸ್ಪ್ರಿಂಗ್ ನೇತಾಡುವ ಜಾಗ, ಕಾರ್ಪೆಟ್ ಕೆಳಗಿನ ನೆಲ. ಸೀಟಿನ ಹಿಂದೆ ಮುಚ್ಚಳ ತೆಗೆದರೆ ಬ್ಯಾಟರಿ ಗೂಡುಗಳು ಕಾಣುತ್ತವೆ. 1974ರ ತನಕ ಇಲ್ಲಿ ಎರಡು ಆರು ವೋಲ್ಟಿನ ಬ್ಯಾಟರಿ ಇರುತ್ತಿದ್ದವು, ಆಸಿಡ್ ಚೆಲ್ಲಿ ಗೂಡೇ ತೂತಾಗಿರುವುದುಂಟು. ಒಂದು ಸಣ್ಣ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಮೈ ಮೇಲೆ ಆಡಿಸಿ. ಹಿಡಿಯದ ಕಡೆ ಇರುವುದು ಪುಟ್ಟಿ.

ತುಕ್ಕು ಇದೆ ಅಂತ ಗೊತ್ತಾಯ್ತು. ಎಷ್ಟಿದ್ದರೆ ಕೈ ಬಿಡಬೇಕು?

ಇದಕ್ಕೆ ಅಳತೆಪಟ್ಟಿ ಇಲ್ಲ, ನನ್ನ ಅಭಿಪ್ರಾಯ ಹೇಳುತ್ತೇನೆ. ಮಡ್‌ಗಾರ್ಡು, ಬಾಗಿಲು, ಡಿಕ್ಕಿ ಮುಚ್ಚಳದ ತುಕ್ಕು ನೋಡಲು ಅಸಹ್ಯವಾದರೂ ಕಾರಿನ ಪ್ರಾಣಕ್ಕೆ ಅಪಾಯವಿಲ್ಲ. ನೆಲ ಮತ್ತು ಹೊರಗಿನ ಸಿಲ್ ಹೋಗಿದ್ದರೆ ದೊಡ್ಡ ಕೆಲಸ, ಆದರೆ ಎಂಜಿಬಿಯಲ್ಲಿ ದಿನನಿತ್ಯದ ಕೆಲಸ. ಮೂರೂ ಪದರ ಎರಡೂ ಬದಿ ಹೋಗಿ, ಜೊತೆಗೆ ಸ್ಪ್ರಿಂಗ್ ಜಾಗ, ಮುಂದಿನ ಗಾಜಿನ ಬುಡ ಎಲ್ಲವೂ ಸೊರಗಿದ್ದರೆ, ನೀವೇ ವೆಲ್ಡಿಂಗ್ ಬಲ್ಲವರಲ್ಲದಿದ್ದರೆ, ಮಾರಿಬಿಡಿ ಎನ್ನುತ್ತೇನೆ. ಕಳೆದ ಚಳಿಗಾಲ ಒಬ್ಬ ಗೆಳೆಯರಿಗೆ ಹಾಗೆ ಹೇಳಿದೆ. ಅವರಿಗೆ ನೋವಾಯಿತು, ನನಗೂ ಆಯಿತು. ಆದರೆ ಅವರು ಬೇರೆ ಎಂಜಿಬಿ ಕೊಂಡು ಆ ಬೇಸಿಗೆಯೇ ಓಡಿಸಿದರು.

ಒಂದು ಎಚ್ಚರಿಕೆ. ಹಳೇ ಸಿಲ್ ಕತ್ತರಿಸದೆ ಅದರ ಮೇಲೇ ಹೊಸ ತಗಡು ಹೊದಿಸಿ ವೆಲ್ಡ್ ಮಾಡಿ ಬಣ್ಣ ಹೊಡೆಯುವ ಗ್ಯಾರೇಜುಗಳಿವೆ. ನಾನು ಕೊಳ್ಳುವ ಮುಂಚೆ ನನ್ನ ಕಾರಿಗೆ ಯಾರೋ ಹಾಗೆ ಮಾಡಿದ್ದರು. ಬಿಲ್ಲಿನಲ್ಲಿ ‘ಹೊಸ ಸಿಲ್’ ಎಂದೇ ಬರೆದಿತ್ತು. ಬಿಚ್ಚಿದಾಗ ಹೊಸ ತಗಡಿನ ಹಿಂದೆ ಹಳೆಯದು, ಅದರ ಹಿಂದೆ ಏನೂ ಇಲ್ಲ. ಸರಿಯಾದ ಕೆಲಸದಲ್ಲಿ ಕತ್ತರಿಸುವ ಮುಂಚೆಯೇ ಬಾಗಿಲಿನ ತೆರಪಿಗೆ ಅಡ್ಡಪಟ್ಟಿ ವೆಲ್ಡ್ ಮಾಡಿ ಮೈ ಜಗ್ಗದಂತೆ ಹಿಡಿದಿರುತ್ತಾರೆ, ಕೊಳೆತ ಪದರಗಳನ್ನು ಪೂರ್ತಿ ತೆಗೆದು ಆಮೇಲೆ ಹೊಸದನ್ನು ಕೂರಿಸುತ್ತಾರೆ. ಒಪ್ಪುವ ಮೊದಲೇ ಕೇಳಿ: ‘ಅಡ್ಡಪಟ್ಟಿ ಹಾಕ್ತೀರಾ? ಕತ್ತರಿಸಿದ ಮೇಲೆ, ಮುಚ್ಚುವ ಮೊದಲು ಫೋಟೋ ಕೊಡ್ತೀರಾ?’ ಕೆಲಸ ಬಲ್ಲವರು ಈ ಪ್ರಶ್ನೆಗೆ ಖುಷಿಪಡುತ್ತಾರೆ.

ಗ್ಯಾರೇಜಿನವರು ಹೇಳಿದ ಮೊತ್ತ ಕೇಳಿ ತಲೆ ತಿರುಗಿತು. ಅದು ನ್ಯಾಯವೇ?

ಮೊತ್ತ ಬಿಡಿ, ಎಷ್ಟು ಗಂಟೆಯ ಕೆಲಸ ಎಂದು ಕೇಳಿ. ತಗಡಿನ ಸಾಮಾನು ಅಗ್ಗ, ಕಾಲ ದುಬಾರಿ. ಉದಾಹರಣೆಗೆ 60 ಗಂಟೆ ಕೆಲಸ, ಗಂಟೆಗೆ 70 ಪೌಂಡ್ ಅಂದುಕೊಳ್ಳಿ. ಕೂಲಿ 4,200, ಅದರ ಮೇಲೆ ಶೇ. 20ರ ವ್ಯಾಟ್ 840, ಒಟ್ಟು 5,040 ಪೌಂಡ್. ಇದರಲ್ಲಿ ಇನ್ನೂ ಬಣ್ಣವೂ ಇಲ್ಲ, ಸಾಮಾನೂ ಇಲ್ಲ. ವ್ಯಾಟ್ ಸೇರಿದೆಯೋ ಇಲ್ಲವೋ ಎಂದು ಕೇಳದೆ ಇಬ್ಬರ ಅಂದಾಜು ಹೋಲಿಸಬೇಡಿ.

ಹಳೇ ಕಾರಿನ ಮೈ ಬಿಚ್ಚಿದ ಮೇಲೆ ಕೆಲಸ ಬೆಳೆಯುತ್ತದೆ, ಅದು ಯಾರ ಮೋಸವೂ ಅಲ್ಲ. ಅದಕ್ಕೇ ಒಂದು ಗೆರೆ ಎಳೆದುಕೊಳ್ಳಿ: ‘ಇಷ್ಟು ಗಂಟೆ ದಾಟುವ ಹಾಗಿದ್ದರೆ ಕೈ ನಿಲ್ಲಿಸಿ ನನಗೆ ಫೋನ್ ಮಾಡಿ’ ಎಂದು ಬರವಣಿಗೆಯಲ್ಲಿ ಕೊಡಿ. ದೊಡ್ಡ ಕೆಲಸವಾದರೆ ಹಂತಹಂತವಾಗಿ ದುಡ್ಡು ಕೊಡಿ, ಪ್ರತಿ ಹಂತಕ್ಕೂ ಹೋಗಿ ಕಣ್ಣಾರೆ ನೋಡಿ.

ಬಿಡಿಭಾಗ ಸಿಗುತ್ತವಾ?

ಎಲ್ಲವೂ. 1962ರಿಂದ 1980ರ ತನಕ ಅಬಿಂಗ್ಡನ್ ಕಾರ್ಖಾನೆಯಿಂದ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿ ಹೊರಬಂದವು. ಅಷ್ಟು ಕಾರಿನ ಗಿರಾಕಿಗಳಿಗಾಗಿ ಇವತ್ತಿಗೂ ಸಾಮಾನು ತಯಾರಾಗುತ್ತದೆ. ಇಡೀ ಹೊಸ ಬಾಡಿಯನ್ನೇ ಬ್ರಿಟಿಷ್ ಮೋಟರ್ ಹೆರಿಟೇಜ್‌ನವರು 1988ರಿಂದ ಮಾಡಿಕೊಡುತ್ತಿದ್ದಾರೆ. ಗಾಜಿನ ರಬ್ಬರಿನಿಂದ ಗಡಿಯಾರದ ಮುಳ್ಳಿನವರೆಗೆ ಒಂದು ಫೋನಿನಲ್ಲಿ ಮನೆಗೆ ಬರುತ್ತದೆ. ಹಳೇ ಕಾರು ಇಟ್ಟುಕೊಂಡವರಲ್ಲಿ ನಾವು ಪುಣ್ಯವಂತರು.

ರಿಪೇರಿಗೆ ಹಾಕಿದ ದುಡ್ಡು ಮಾರುವಾಗ ವಾಪಸ್ ಬರುತ್ತಾ?

ಬರುವುದಿಲ್ಲ. ಇದನ್ನು ಮೆತ್ತಗೆ ಹೇಳುವುದರಲ್ಲಿ ಅರ್ಥವಿಲ್ಲ. ಪೂರ್ತಿ ಬಿಚ್ಚಿ ಜೋಡಿಸಿದ ಎಂಜಿಬಿಗೆ ಖರ್ಚಾಗುವುದು ಅದು ಮಾರಾಟವಾಗುವ ಬೆಲೆಗಿಂತ ಹೆಚ್ಚು. ಬೇಕಾದಷ್ಟು ಉಳಿದಿರುವ ಕಾರು ಅಪರೂಪದ್ದಲ್ಲ, ಹಾಗಾಗಿ ಬೆಲೆ ಒಂದು ಮಟ್ಟ ದಾಟಿ ಏರುವುದಿಲ್ಲ. ಒಳ್ಳೆಯ ಸ್ಥಿತಿಯ ಎಂಜಿಬಿ ಬೇಕಿದ್ದರೆ ಬೇರೆಯವರು ಪ್ರೀತಿಯಿಂದ ಖರ್ಚು ಮಾಡಿ ಮುಗಿಸಿದ್ದನ್ನು ಕೊಳ್ಳುವುದೇ ಅಗ್ಗದ ದಾರಿ.

ಯಾವ ಮಾದರಿ ಎಂಬುದೂ ಮುಖ್ಯ. ಕ್ರೋಮ್ ಬಂಪರಿನ ರೋಡ್‌ಸ್ಟರ್‌ಗೆ ಬೇಡಿಕೆ ಹೆಚ್ಚು. ಅಮೆರಿಕದ ನಿಯಮಗಳಿಗೆ ಹೊಂದಿಸಲು 1974ರ ಕೊನೆಯ ಹೊತ್ತಿಗೆ ದಪ್ಪ ಕಪ್ಪು ಬಂಪರ್ ಬಂತು, ಕಾರನ್ನೂ ಎತ್ತರಿಸಿದರು. ಆ ಕಾರುಗಳ ಬೆಲೆ ಕಡಿಮೆ. ಚಾವಣಿ ಇರುವ ಜಿಟಿ ಕೂಡ ರೋಡ್‌ಸ್ಟರ್‌ಗಿಂತ ಕಡಿಮೆಗೆ ಸಿಗುತ್ತದೆ. ನಿಮ್ಮದು ಕಪ್ಪು ಬಂಪರಿನ ಕಾರಾಗಿದ್ದು ಮೈ ಪೂರ್ತಿ ಹೋಗಿದ್ದರೆ ಲೆಕ್ಕ ಕೂಡಿಬರುವುದು ಬಹಳ ಕಷ್ಟ. ಅದೇ ಕಾರಿನ ಮೈ ಗಟ್ಟಿ ಇದ್ದರೆ ಓಡಿಸುವ ಸಂತೋಷದಲ್ಲಿ ಎಳ್ಳಷ್ಟೂ ಕಡಿಮೆಯಿಲ್ಲ, ಬಂಪರ್ ಬಣ್ಣ ನೋಡಿ ಮಾರಬೇಡಿ.

ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಲಾಭದ್ದಲ್ಲ. ರಿಪೇರಿಯಾದ ಮೇಲೆ ಮುಂದಿನ ಐದು ವರ್ಷ ಇದನ್ನು ಓಡಿಸುತ್ತೀರಾ? ಓಡಿಸುವುದಾದರೆ ಆ ಖರ್ಚನ್ನು ಐದು ಬೇಸಿಗೆಗೆ ಹಂಚಿ ನೋಡಿ. ಓಡಿಸುವುದಿಲ್ಲ, ಮಾರಲಿಕ್ಕೆಂದೇ ರಿಪೇರಿ ಎನ್ನುವುದಾದರೆ ಮಾಡಿಸಬೇಡಿ.

ಈ ಕಾರಿಗೆ ಎಂಒಟಿ (ವಾಹನದ ವಾರ್ಷಿಕ ಸುರಕ್ಷತಾ ಪರೀಕ್ಷೆ) ಬೇಕಿಲ್ಲವಂತೆ. ಮತ್ತೆ ರಿಪೇರಿ ಯಾಕೆ ಅಷ್ಟು ತಲೆನೋವು?

40 ವರ್ಷ ದಾಟಿದ, ದೊಡ್ಡ ಮಾರ್ಪಾಡು ಆಗದ ವಾಹನಕ್ಕೆ ಬ್ರಿಟನ್ನಿನಲ್ಲಿ ಎಂಒಟಿ ಕಡ್ಡಾಯವಲ್ಲ, ರಸ್ತೆ ತೆರಿಗೆಯೂ ಇಲ್ಲ. ಕೊನೆಯ ಎಂಜಿಬಿ ತಯಾರಾದದ್ದು 1980ರಲ್ಲಿ, ಆದ್ದರಿಂದ ವಯಸ್ಸಿನ ಲೆಕ್ಕದಲ್ಲಿ ಈಗ ಎಲ್ಲ ಎಂಜಿಬಿಗಳೂ ಇದರೊಳಗೆ ಬರುತ್ತವೆ. ಹೆಚ್ಚು ಹೊಗೆ ಉಗುಳುವ ವಾಹನಗಳಿಗೆ ಹಾಕುವ ಲಂಡನ್ನಿನ ಯುಲೆಜ್ ಶುಲ್ಕವೂ ಐತಿಹಾಸಿಕ ವರ್ಗದ ಕಾರಿಗಿಲ್ಲ. ಆದರೆ ತೆರಿಗೆ ಸೊನ್ನೆಯಾದರೂ ಪ್ರತಿ ವರ್ಷ ಅರ್ಜಿ ಹಾಕಬೇಕು, ರಸ್ತೆಗಿಳಿಸದಿದ್ದರೆ ‘ಕಾರು ರಸ್ತೆಯಲ್ಲಿಲ್ಲ’ ಎಂಬ ಸೋರ್ನ್ ಘೋಷಣೆ ಮಾಡಬೇಕು.

ವಿನಾಯಿತಿ ಸಿಕ್ಕಿರುವುದು ಪರೀಕ್ಷೆಗೆ, ಸುರಕ್ಷತೆಗಲ್ಲ. ಅಪಾಯಕಾರಿ ಸ್ಥಿತಿಯಲ್ಲಿ ಓಡಿಸಿ ಸಿಕ್ಕಿಬಿದ್ದರೆ 2,500 ಪೌಂಡ್ ತನಕ ದಂಡ, ಲೈಸೆನ್ಸಿಗೆ 3 ಪಾಯಿಂಟ್. ನಾನು ಪ್ರತಿ ವಸಂತದಲ್ಲೂ ಎಂಒಟಿ ಮಾಡಿಸುತ್ತೇನೆ. ಹೆಚ್ಚೆಂದರೆ 54.85 ಪೌಂಡ್. ಅಷ್ಟಕ್ಕೆ ಇನ್ನೊಂದು ಜೋಡಿ ಕಣ್ಣು ಕಾರಿನ ಹೊಟ್ಟೆಯಡಿ ಹೋಗಿ ಬರುತ್ತದೆ. ನನ್ನ ಪಕ್ಕದ ಸೀಟಿನಲ್ಲಿ ಮಗಳು ಕೂರುತ್ತಾಳೆ. ಹಿಂದಿನ ಬ್ರೇಕ್ ಪೈಪು ಸವೆದದ್ದನ್ನು ಒಂದು ವರ್ಷ ಆ ಪರೀಕ್ಷೆಯಲ್ಲೇ ಕಂಡುಹಿಡಿದರು.

ಸದ್ಯಕ್ಕೆ ಏನೂ ಬೇಡ, ಗ್ಯಾರೇಜಿನಲ್ಲಿ ಹೊದಿಸಿ ಇಟ್ಟರೆ?

ಎಲ್ಲಕ್ಕಿಂತ ಕೆಟ್ಟ ಆಯ್ಕೆ ಇದು, ಆದರೆ ಹೆಚ್ಚಿನವರು ಮಾಡುವುದು ಇದನ್ನೇ. ನಿಂತ ಕಾರು ಹಾಳಾಗುವಷ್ಟು ಓಡುವ ಕಾರು ಹಾಳಾಗುವುದಿಲ್ಲ. ಬ್ರೇಕ್ ಸಿಲಿಂಡರುಗಳು ಕಚ್ಚಿಕೊಳ್ಳುತ್ತವೆ, ಕ್ಲಚ್ ಪ್ಲೇಟು ಅಂಟಿಕೊಳ್ಳುತ್ತದೆ, ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ, ಟ್ಯಾಂಕಿನಲ್ಲಿ ಪೆಟ್ರೋಲ್ ಹಳಸುತ್ತದೆ. 2021ರ ಸೆಪ್ಟೆಂಬರಿನಿಂದ ಇಲ್ಲಿ ಸಾಮಾನ್ಯ ಪೆಟ್ರೋಲ್ ಎಂದರೆ ಶೇ. 10ರ ತನಕ ಎಥನಾಲ್ ಬೆರೆತ ಇ10. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೇ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸುತ್ತದೆ. ಎಂಜಿಬಿಗೆ ಎಥನಾಲ್ ಕಡಿಮೆ ಇರುವ ಸೂಪರ್ ಅನ್‌ಲೆಡೆಡ್ ಇ5 ಹಾಕಿ, ಹೋಸುಗಳನ್ನು ಎಥನಾಲ್ ತಡೆಯುವ ಬಗೆಗೆ ಬದಲಿಸಿ.

ನಿರ್ಧಾರಕ್ಕೆ ಕಾಲ ಬೇಕಿದ್ದರೆ ತಗೊಳ್ಳಿ, ಆದರೆ ತಾರೀಖು ಗೊತ್ತುಮಾಡಿಕೊಳ್ಳಿ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಒಣಗಿದ ದಿನ ನೋಡಿ ಹತ್ತು ಮೈಲಿ ಓಡಿಸಿ. ಓಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಕನಿಷ್ಠ ಹಿಂದೆ ಮುಂದೆ ತಳ್ಳಿ.

ಇದು ನಮ್ಮ ಮಾವನ ಕಾರು. ಮಾರಲು ಮನಸ್ಸು ಬಾರದು, ಇಟ್ಟುಕೊಳ್ಳಲು ಶಕ್ತಿ ಇಲ್ಲ. ಏನು ಮಾಡಲಿ?

ಈ ಪ್ರಶ್ನೆ ಬಂದಾಗ ನಾನು ಸಿಲ್ ಬಗ್ಗೆ ಮಾತಾಡುವುದಿಲ್ಲ. ಹೋಗಿ ಕಾರಿನಲ್ಲಿ ಕೂತುಕೊಳ್ಳಿ ಅನ್ನುತ್ತೇನೆ. ಅವರು ಓಡಿಸುತ್ತಿದ್ದುದು ನೆನಪಾಗುತ್ತದೋ, ಅಥವಾ ಕೊನೆಯ ವರ್ಷಗಳಲ್ಲಿ ಕಾರು ಸುಮ್ಮನೆ ನಿಂತು ಅವರು ಕೊರಗಿದ್ದು ನೆನಪಾಗುತ್ತದೋ? ಕುಟುಂಬದಲ್ಲಿ ಸ್ಪ್ಯಾನರ್ ಹಿಡಿಯುವ ಆಸೆ ಇರುವ ಒಬ್ಬರಾದರೂ ಇದ್ದರೆ ಅವರ ಕೈಗೆ ಕೊಡಿ, ಹಂತಹಂತವಾಗಿ ಮಾಡಲಿ. ಯಾರೂ ಇಲ್ಲದಿದ್ದರೆ, ಓಡಿಸುವವರಿಗೆ ಮಾರುವುದು ಆ ಹಿರಿಯರಿಗೆ ಮಾಡುವ ಅಗೌರವವಲ್ಲ. ಸ್ಟೀರಿಂಗ್ ಚಕ್ರವನ್ನೋ ಗೇರ್ ಹಿಡಿಯನ್ನೋ ನೆನಪಿಗೆ ಉಳಿಸಿಕೊಂಡು ಅದರ ಜಾಗಕ್ಕೆ ಹೊಸದು ಹಾಕಿ ಮಾರಿದವರನ್ನು ಕಂಡಿದ್ದೇನೆ, ಕೊಂಡವರೂ ಬೇಸರಪಡಲಿಲ್ಲ.

ಬಿಚ್ಚಿ ಹಾಕಿದ್ದೇನೆ, ಅರ್ಧಕ್ಕೇ ನಿಂತಿದೆ. ಹಾಗೇ ಮಾರಬಹುದಾ?

ಮಾರಬಹುದು, ಆದರೆ ಡಬ್ಬಗಳಲ್ಲಿ ತುಂಬಿದ ಕಾರಿಗೆ ಬೆಲೆ ಕುಸಿಯುತ್ತದೆ. ಎಂಜಿನ್ ಸ್ಟಾರ್ಟ್ ಆಗುವ, ನಾಲ್ಕು ಚಕ್ರದ ಮೇಲೆ ಉರುಳುವ ಸ್ಥಿತಿಗೆ ತಂದರೂ ಸಾಕು, ಕೊಳ್ಳುವವರ ಸಂಖ್ಯೆಯೇ ಬೇರೆಯಾಗುತ್ತದೆ. ಪ್ರತಿ ಡಬ್ಬಕ್ಕೂ ಚೀಟಿ ಹಚ್ಚಿ, ಬಿಚ್ಚುವಾಗ ತೆಗೆದ ಫೋಟೋಗಳನ್ನು ಕೊಡಿ.

ಮಾರುವ ಮುಂಚೆ ಚೂರುಪಾರು ರಿಪೇರಿ ಮಾಡಿಸಬೇಕಾ? ಹರಾಜೋ, ನೇರವೋ?

ಸ್ಟಾರ್ಟ್ ಆಗಬೇಕು, ನಿಲ್ಲಬೇಕು, ದೀಪ ಉರಿಯಬೇಕು. ಅಷ್ಟು ಮಾಡಿಸಿ, ಹೊಸ ಎಂಒಟಿ ಹಚ್ಚಿಸಿ. ಬಣ್ಣ ಮಾತ್ರ ಹೊಡೆಸಬೇಡಿ. ಹೊಸ ಬಣ್ಣ ಕಂಡ ತಕ್ಷಣ ಬಲ್ಲವರು ಅದರಡಿ ಏನು ಮುಚ್ಚಿದ್ದಾರೆ ಎಂದೇ ಹುಡುಕುತ್ತಾರೆ. ತುಕ್ಕು ಎಲ್ಲೆಲ್ಲಿದೆ ಎಂದು ನೀವೇ ಹತ್ತಿರದಿಂದ ಫೋಟೋ ತೆಗೆದು ಜಾಹೀರಾತಿನಲ್ಲೇ ಹಾಕಿ.

ಹರಾಜಿನಲ್ಲಿ ಬೇಗ ಮುಗಿಯುತ್ತದೆ, ಆದರೆ ಕಮಿಷನ್, ಅದರ ಮೇಲೆ ವ್ಯಾಟ್ ಕಳೆದೇ ನಿಮ್ಮ ಕೈಗೆ ಬರುತ್ತದೆ. ಮಾಲೀಕರ ಸಂಘದ ಸದಸ್ಯರಿಗೆ ನೇರವಾಗಿ ಮಾರಿದರೆ ನಿಧಾನ, ಆದರೆ ಕಾರು ತಕ್ಕವರ ಮನೆ ಸೇರುತ್ತದೆ, ನನ್ನ ಒಲವು ಅತ್ತ. ಸ್ವಂತ ಬಳಕೆಯ ಕಾರು ಮಾರಿ ಲಾಭ ಬಂದರೂ ಬ್ರಿಟನ್ನಿನಲ್ಲಿ ಕ್ಯಾಪಿಟಲ್ ಗೇನ್ಸ್ ತೆರಿಗೆ ಇಲ್ಲ.

ಊರಿಗೆ ತೆಗೆದುಕೊಂಡು ಹೋಗಬಹುದಾ?

ಬೆಂಗಳೂರಿನ ರಸ್ತೆಯಲ್ಲಿ ಹುಡ್ (ಮಡಿಚುವ ಮೇಲ್ಹೊದಿಕೆ) ಇಳಿಸಿ ಓಡಿಸುವ ಆಸೆ ನನಗೂ ಇದೆ. ಆದರೆ ಹಳೇ ಕಾರಿನ ಆಮದಿಗೆ ಭಾರತದಲ್ಲಿ ಕಟ್ಟುನಿಟ್ಟಿನ ನಿರ್ಬಂಧಗಳಿವೆ, ಸುಂಕವೂ ಭಾರಿ. ಹಡಗಿಗೆ ಹತ್ತಿಸುವ ಮೊದಲು ಕಸ್ಟಮ್ಸ್ ಏಜೆಂಟರ ಬಳಿ ಆ ದಿನದ ನಿಯಮ ಬರವಣಿಗೆಯಲ್ಲಿ ಪಡೆಯಿರಿ.

ಊರಿನಲ್ಲೇ ಹಳೇ ಕಾರು ಇರುವವರಿಗೆ ಒಂದು ಮಾತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. 50 ವರ್ಷ ದಾಟಿದ, ಮೂಲ ರೂಪ ಕೆಡದ ಕಾರಿಗೆ ‘ವಿಎ’ ಅಕ್ಷರವಿರುವ ಪ್ರತ್ಯೇಕ ನಂಬರ್ ಸಿಗುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಹೀಗೆ ನೋಂದಾಯಿಸಿದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ತುಂಬಿಸುವುದು, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬಹುದು.

ಮಾರಲು ತೀರ್ಮಾನಿಸಿದೆ. ಕೊಳ್ಳುವವರಿಗೆ ಏನೇನು ಕೊಡಬೇಕು?

ವಿ5ಸಿ ಎಂಬ ನೋಂದಣಿ ಪುಸ್ತಕದ ಹಸಿರು ಚೀಟಿ ಅವರಿಗೆ, ಮಾಲೀಕತ್ವ ಬದಲಾದ ಸುದ್ದಿ ವಾಹನ ನೋಂದಣಿ ನೋಡಿಕೊಳ್ಳುವ ಡಿವಿಎಲ್‌ಎಗೆ ಅದೇ ದಿನ. ಹಳೇ ಎಂಒಟಿ ಚೀಟಿ, ಬಿಲ್ಲು, ವೆಲ್ಡಿಂಗ್ ಫೋಟೋ ಎಲ್ಲವನ್ನೂ ಒಂದೇ ಫೈಲಿನಲ್ಲಿ ಕೊಡಿ. ಕಾರ್ಖಾನೆಯಿಂದ ಯಾವ ದಿನ, ಯಾವ ಬಣ್ಣದಲ್ಲಿ ಹೊರಬಂತು ಎಂದು ತಿಳಿಸುವ ಹೆರಿಟೇಜ್ ಸರ್ಟಿಫಿಕೇಟನ್ನು ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂನಿಂದ ತರಿಸಿದ್ದರೆ ಅದನ್ನೂ ಸೇರಿಸಿ. ನನ್ನ ಕಾರಿನ ಜೊತೆ ಹಿಂದಿನವರ ಒಂದು ನೋಟ್‌ಬುಕ್ ಬಂದಿತ್ತು. ಕಿಂಗ್‌ಪಿನ್‌ಗೆ (ಮುಂದಿನ ಚಕ್ರ ತಿರುಗುವ ಕೀಲಿಗೆ) ಗ್ರೀಸ್ ಹೊಡೆದ ಒಂದೊಂದು ತಾರೀಖೂ ಪೆನ್ಸಿಲಿನಲ್ಲಿ ಬರೆದಿದ್ದರು, ಅದೇ ನೋಟ್‌ಬುಕ್ಕನ್ನು ನಾನು ಮುಂದುವರಿಸುತ್ತಿದ್ದೇನೆ.

ಕೀಲಿ ಕೊಡುವ ದಿನ ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳಿ. ಚಳಿಯಲ್ಲಿ ಚೋಕ್ ಎಷ್ಟು ಎಳೆಯಬೇಕು, ಕಾರ್ಬ್ಯುರೇಟರಿನ ಡ್ಯಾಶ್‌ಪಾಟ್‌ಗೆ ಆಯಿಲ್ ಎಲ್ಲಿಯವರೆಗೆ, ಹುಡ್ ಮಡಿಚುವ ಕ್ರಮ ಏನು, ಎಲ್ಲ ಮಾಡಿ ತೋರಿಸಿ. ಹುಡ್ಡಿನ ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದು, ಚಳಿಯ ಬೆಳಿಗ್ಗೆ ಮಡಿಚಿದರೆ ಸೀಳುತ್ತದೆ. ಬಿಸಿಲಿಗೆ ಸ್ವಲ್ಪ ಮೆತ್ತಗಾದ ಮೇಲೆ, ನಡುವೆ ಒಂದು ಹಳೇ ಟವೆಲ್ ಇಟ್ಟು ಮಡಿಚಬೇಕು. ಟವೆಲ್ ಕೂಡ ಡಿಕ್ಕಿಯಲ್ಲೇ ಇಟ್ಟು ಕೊಡಿ.